ಗಾಲಿಯ ಮೇಲೊಂದು ಮನೆ, ಮರುಭೂಮಿಯಲ್ಲೊಂದು ದಿನ

ಊರು ನೋಡಲು ಹೊರಟವರು ಮನೆಗೆ ಬೀಗ ಹಾಕಿ ಹೊರಡುವುದು ಲೋಕರೂಢಿ. ಅಮೆರಿಕದಲ್ಲಾದರೋ ಮನೆಯನ್ನೇ ಜೊತೆಯಲ್ಲಿ ಕೊಂಡೊಯ್ಯುವ ಪ್ರವಾಸಿಗರು ಲಕ್ಷಗಟ್ಟಲೆ ಇದ್ದಾರೆ. ಬಸವನಹುಳು ಚಿಪ್ಪನ್ನು ಹೊತ್ತು ಸಾಗುವಂತೆ, ಅಡಿಗೆಮನೆ, ಮಲಗುವ ಮನೆ, ಬಚ್ಚಲುಗಳೆಲ್ಲವನ್ನೂ ಒಂದೇ ಮೋಟಾರು ಬಂಡಿಯಲ್ಲಿ ಹೊತ್ತು ಅವರು ದೇಶ ಸುತ್ತುತ್ತಾರೆ. ಈ ಮನೆ-ಬಂಡಿಯನ್ನು ಅಲ್ಲಿಯವರು ಆರ್.ವಿ. ಎಂದು ಕರೆಯುತ್ತಾರೆ. ಅದರೊಳಗಿನ ಸಂಸಾರ ಎಂತಹುದೆಂದು ಅರಿಯಬೇಕಾದರೆ, ಆ ದೇಶದ ನೈಋತ್ಯ ಭಾಗದ ಮರುಭೂಮಿಯಲ್ಲಿ ಅದರ ಒಂದು ದಿನದ ಪಯಣವನ್ನು ನೋಡಬೇಕು. ಅರಿಜೋನ ರಾಜ್ಯದ ಪೇಜ್ ಪಟ್ಟಣದಿಂದ ಮಾನ್ಯುಮೆಂಟ್ ವ್ಯಾಲಿಯವರೆಗೆ ಸುಮಾರು 125 ಮೈಲಿಯ ದಾರಿ ಅದಕ್ಕೆ ತಕ್ಕುದಾಗಿದೆ.

ತೊಟ್ಟಿ ತುಂಬುವ ಹೊತ್ತು

ಬೇಸಗೆಯ ದಿನಗಳಲ್ಲಿ ಸೂರ್ಯ ಮೇಲೇರುವ ಮೊದಲೇ ಶಿಬಿರದಲ್ಲಿ ಗಡಿಬಿಡಿ ಆರಂಭವಾಗುತ್ತದೆ. ಗೃಹಿಣಿ ಪಾತ್ರೆಗಳನ್ನು ಕಪಾಟಿನಲ್ಲಿಟ್ಟು ಬಾಗಿಲುಗಳಿಗೆ ಚಿಲಕ ಹಾಕುತ್ತಾಳೆ. ಮರೆತರೆ ಮೊದಲ ತಿರುವಿನಲ್ಲಿಯೇ ತಟ್ಟೆಗಳು ನೆಲಕ್ಕುರುಳುವುವು. ಹೊರಗೆ ಯಜಮಾನ ರಬ್ಬರಿನ ಕೊಳವೆ ಹಿಡಿದು ತೊಟ್ಟಿಗೆ ನೀರು ತುಂಬಿಸುತ್ತಾನೆ. ಬಂಡಿಯ ಅಡಿಯಲ್ಲಿರುವ ತೊಟ್ಟಿಗಳು ಮೂರು: ಶುದ್ಧ ನೀರಿಗೊಂದು, ಪಾತ್ರೆ ತೊಳೆದ ಮತ್ತು ಮಿಂದ ನೀರಿಗೊಂದು, ಶೌಚದ ಮಲಿನಕ್ಕೊಂದು. ಕೊನೆಯ ಎರಡನ್ನು ಗೊತ್ತುಪಡಿಸಿದ ಸ್ಥಳದಲ್ಲಿ ಮಾತ್ರವೇ ಬರಿದುಮಾಡಬೇಕು. ಮಧ್ಯಮ ಗಾತ್ರದ ಬಂಡಿಯಲ್ಲಿ ಶುದ್ಧ ನೀರು 40 ಗ್ಯಾಲನ್, ಎಂದರೆ 150 ಲೀಟರಿನಷ್ಟು ಹಿಡಿಯುತ್ತದೆ. ನಾಲ್ವರ ಸಂಸಾರಕ್ಕೆ ಕುಡಿಯಲು, ಅಡಿಗೆಗೆ, ಸ್ನಾನಕ್ಕೆ, ಪಾತ್ರೆಗೆ ಅಷ್ಟೇ ಬಂಡವಾಳ. ಮನೆಯಲ್ಲಿ ಕೊಳಾಯಿಯನ್ನು ಸುರಿಯಬಿಟ್ಟು ಹಲ್ಲುಜ್ಜುತ್ತಿದ್ದ ಹುಡುಗರಿಗೆ ಇಲ್ಲಿ ಒಂದೇ ಲೋಟ ನೀರು ಸಾಕಾಗುತ್ತದೆ!

ಆ ನೀರು ಬಂದದ್ದೆಲ್ಲಿಂದ? ಪಟ್ಟಣದ ಅಂಚಿನಲ್ಲಿಯೇ ಉತ್ತರವಿದೆ. ಕೊಲರಾಡೊ ನದಿಗೆ ಅಡ್ಡವಾಗಿ 710 ಅಡಿ ಎತ್ತರದ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ನಿಂತಿದೆ. ಪೇಜ್ ಪಟ್ಟಣ ಹುಟ್ಟಿದ್ದೇ 1957ರಲ್ಲಿ, ಈ ಕಟ್ಟೆಯ ಕೆಲಸಗಾರರ ವಸತಿಗಾಗಿ. 1963ರಲ್ಲಿ ನೀರು ನಿಲ್ಲತೊಡಗಿದ ಪವೆಲ್ ಸರೋವರ ಪೂರ್ತಿಯಾಗಿ ತುಂಬಲು 1980ರವರೆಗೆ ಕಾಯಬೇಕಾಯಿತು. ಆದರೆ 2000ದಿಂದೀಚೆಗೆ ದೀರ್ಘ ಬರ ನದಿಯನ್ನು ಸೊರಗಿಸಿದೆ. ಅಂದು ತುಂಬಿದ ಮೇಲೆ ಎಂದೂ ಕಾಣದಷ್ಟು ಕೆಳಕ್ಕೆ 2023ರಲ್ಲಿ ನೀರಿನ ಮಟ್ಟ ಇಳಿಯಿತು. ಹಂಡೆಯ ಒಳಬದಿಯಲ್ಲಿ ಗಡಸು ನೀರು ಬಿಳಿಯ ಗೆರೆ ಉಳಿಸುವಂತೆ, ಕೆಂಬಂಡೆಗಳ ಮೇಲೆ ಸರೋವರ ತನ್ನ ಹಳೆಯ ಎತ್ತರವನ್ನು ಬರೆದಿಟ್ಟು ಇಳಿದುಹೋಗಿದೆ.

ಗಡಿಯಾರ ಬದಲಾಗುವ ನಾಡು

ಪಟ್ಟಣ ದಾಟಿ ಆಗ್ನೇಯಕ್ಕೆ ತಿರುಗುತ್ತಲೇ ನವಾಹೊ ಜನರ ನಾಡು ಆರಂಭ. ಬೇಸಗೆಯಲ್ಲಿ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡಬೇಕು. ಹಗಲಿನ ಬೆಳಕನ್ನು ಉಳಿಸಲೆಂದು ಗಡಿಯಾರ ಮುಂದೂಡುವ ಪದ್ಧತಿಯನ್ನು ಅರಿಜೋನ ಅನುಸರಿಸುವುದಿಲ್ಲ, ನವಾಹೊ ನಾಡು ಅನುಸರಿಸುತ್ತದೆ. ರಸ್ತೆಯ ಇಕ್ಕೆಲದಲ್ಲಿ ಕೆಂಪು ಮರಳು, ಬೂದುಬಣ್ಣದ ಕುರುಚಲು ಗಿಡ; ಎಲ್ಲಿಯೋ ಒಂದು ಕುರಿಮಂದೆ, ಒಂಟಿ ಮನೆ. ಬಿಸಿಲಿಗೆ ಬಂಡಿಯ ತಗಡು ಕಾಯುತ್ತದೆ. ದಿಬ್ಬವೇರುವಾಗ ಚಾಲಕನ ಕಣ್ಣು ಎಂಜಿನ್ನಿನ ಉಷ್ಣಮಾಪಕದ ಮೇಲಿರುತ್ತದೆ.

ಈ ದಾರಿಯಲ್ಲಿ, ಬೆನ್ನಿನ ಮೇಲೆ ದೊಡ್ಡ ಪ್ಲಾಸ್ಟಿಕ್ ತೊಟ್ಟಿ ಹೊತ್ತ ಸಣ್ಣ ಲಾರಿಗಳು ಎದುರಾಗುತ್ತವೆ. ಅವು ಪ್ರವಾಸಿಗಳವಲ್ಲ. ನವಾಹೊ ನಾಡಿನಲ್ಲಿ ಸುಮಾರು ಮೂರರಲ್ಲೊಂದು ಮನೆಗೆ ಕೊಳಾಯಿ ನೀರಿಲ್ಲವೆಂದು ಅಂದಾಜು. ಮೈಲಿಗಟ್ಟಲೆ ದೂರದ ನೀರಿನ ಕೇಂದ್ರದಿಂದ ತೊಟ್ಟಿ ತುಂಬಿಸಿ ತಂದರೆ ಮಾತ್ರ ಒಲೆಯ ಮೇಲೆ ಎಸರು ಏರುತ್ತದೆ. ಕೆಲವು ಕಡೆ ಬಾವಿಯಿದ್ದರೂ ನೀರು ಕುಡಿಯಲು ಯೋಗ್ಯವಲ್ಲ. 1944ರಿಂದ 1986ರವರೆಗೆ ಯುರೇನಿಯಂ ಅಗೆದು ತೊರೆದುಹೋದ 500ಕ್ಕೂ ಹೆಚ್ಚು ಗಣಿಗಳು ಈ ನಾಡಿನಲ್ಲಿವೆ.

ಕೊಲರಾಡೊ ನದಿ ಹರಿಯುವುದು ಈ ನಾಡಿನ ಪಶ್ಚಿಮದ ಎಲ್ಲೆಯಲ್ಲಿಯೇ! ಆದರೆ 1922ರಲ್ಲಿ ಏಳು ರಾಜ್ಯಗಳು ನದಿಯ ನೀರನ್ನು ಹಂಚಿಕೊಂಡಾಗ ಮೂಲನಿವಾಸಿಗಳನ್ನು ಮಾತುಕತೆಗೆ ಕರೆಯಲಿಲ್ಲ. ನವಾಹೊ ಜನರು ನ್ಯಾಯಾಲಯದ ಮೆಟ್ಟಿಲನ್ನೇರಿದರು. ಅವರಿಗೆ ನೀರು ದೊರಕಿಸಲು ಸರ್ಕಾರ ತಾನಾಗಿ ಕ್ರಮ ಕೈಗೊಳ್ಳಬೇಕೆಂಬ ಕಟ್ಟಳೆ 1868ರ ಒಪ್ಪಂದದಲ್ಲಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ತೀರ್ಪಿತ್ತಿತು. ಐವರು ನ್ಯಾಯಾಧೀಶರು ಹೀಗೆಂದರು, ನಾಲ್ವರು ಒಪ್ಪಲಿಲ್ಲ.

ಕಲ್ಲಿನ ಕಣಿವೆ

ಮಧ್ಯಾಹ್ನ ಕಯೆಂಟದಲ್ಲಿ ಊಟ, ವಿಶ್ರಾಂತಿ. ಅಲ್ಲಿಂದ ಉತ್ತರಕ್ಕೆ ಸಾಗಿದರೆ ಮಾನ್ಯುಮೆಂಟ್ ವ್ಯಾಲಿ. ಮಟ್ಟಸವಾದ ಬಯಲಿನಿಂದ ಸಾವಿರ ಅಡಿಯವರೆಗೆ ನೆಟ್ಟಗೆ ಎದ್ದ ಬಂಡೆಗಳು ಮುರಿದ ಕೋಟೆಗಳಂತೆ ನಿಂತಿವೆ. ಮೇಲಿನದು ಗಟ್ಟಿ ಮರಳುಗಲ್ಲು, ಬುಡದಲ್ಲಿರುವುದು ಮೆದುವಾದ ಜೇಡಿಪದರ. ಬುಡ ಸವೆದಂತೆ ಮೇಲಿನ ಕಲ್ಲು ಆಸರೆ ತಪ್ಪಿ ಹೋಳುಹೋಳಾಗಿ ಕಳಚುವುದರಿಂದಲೇ ಗೋಡೆಗಳು ಇಷ್ಟು ನೇರ. ಜಾನ್ ಫೋರ್ಡ್ 1939ರಲ್ಲಿ ತೆರೆಗೆ ತಂದ ‘ಸ್ಟೇಜ್‌ಕೋಚ್’ ಚಿತ್ರ ಈ ನೋಟವನ್ನು ಜಗತ್ತಿಗೆಲ್ಲ ಪರಿಚಯಿಸಿತು. 1958ರಲ್ಲಿ ನವಾಹೊ ಜನರು ಇದನ್ನು ತಮ್ಮದೇ ಉದ್ಯಾನವನ್ನಾಗಿ ಮಾಡಿಕೊಂಡರು.

ಕಣಿವೆಯೊಳಗಿನ 17 ಮೈಲಿಯ ಮಣ್ಣುದಾರಿಗೆ ಮನೆ-ಬಂಡಿಗಳನ್ನು ಬಿಡುವುದಿಲ್ಲ. ಸಂಸಾರ ನವಾಹೊ ಮಾರ್ಗದರ್ಶಿಯ ತೆರೆದ ಮೋಟಾರನ್ನು ಹತ್ತುತ್ತದೆ. ಬಂಡೆಗಳ ನೆರಳಿನಲ್ಲಿ ಇಂದಿಗೂ ಕೆಲವು ಕುಟುಂಬಗಳು ವಾಸವಾಗಿವೆ. ಅವರಿಗೂ ನೀರು ಹೊರಗಿನಿಂದಲೇ ಬರಬೇಕು.

ಸಂಜೆ ಬಂಡೆಗಳು ಕೆಂಡದಂತೆ ಹೊಳೆದು ಆರುತ್ತವೆ. ಆಕಾಶಗಂಗೆ ಕೈಗೆ ಎಟುಕುವಂತೆ ತೋರುತ್ತದೆ. ಬಂಡಿಯೊಳಗೆ ಗೃಹಿಣಿ ಒಂದೇ ಬೋಗುಣಿ ನೀರಿನಲ್ಲಿ ಪಾತ್ರೆಗಳನ್ನೆಲ್ಲ ತೊಳೆದಿಡುತ್ತಾಳೆ. ಮಕ್ಕಳು ಮೈ ನೆನೆಸಿ, ನೀರು ನಿಲ್ಲಿಸಿ, ಸಾಬೂನು ಹಚ್ಚಿ, ಮತ್ತೆ ಒಂದೆರಡು ಚೊಂಬಿನಷ್ಟರಲ್ಲಿ ಸ್ನಾನ ಮುಗಿಸುತ್ತಾರೆ. ಮಲಗುವ ಮುನ್ನ ಯಜಮಾನ ಗುಂಡಿಯೊತ್ತಿ ನೋಡಿದರೆ ತೊಟ್ಟಿಯಲ್ಲಿ ಉಳಿದದ್ದು ಕಾಲುಭಾಗ. ನಾಳೆ ಬೆಳಿಗ್ಗೆ ಶಿಬಿರದ ಕೊಳಾಯಿ ಅದನ್ನು ಹತ್ತು ನಿಮಿಷದಲ್ಲಿ ತುಂಬಿಸುವುದು. ಪ್ರವಾಸಿ ನೀರನ್ನು ಎಣಿಸಿದ್ದು ಒಂದು ದಿನ. ದಾರಿಯಲ್ಲಿ ಕಂಡ ಲಾರಿಯವನು ನಾಳೆಯೂ ನಾಡಿದ್ದೂ ಎಣಿಸಲೇಬೇಕು. ನೀರೇ ಬಾಳು ಎಂಬುದು ನವಾಹೊ ಜನರ ಹಳೆಯ ಮಾತು. ಊರಿಗೆ ಮರಳಿ ಮನೆಯ ಕೊಳಾಯಿಯನ್ನು ತಿರುಗಿಸುವಾಗ ಆ ಮಾತು ನೆನಪಾದರೆ, 125 ಮೈಲಿಯ ಪಯಣ ಸಾರ್ಥಕವಾದಂತೆಯೇ ಸರಿ.