ಬೆನ್ನಮುಳ್ಳು ಗಾಳವಾದದ್ದು, ಚಕ್ರಮೊಗ್ಗು ಅದರ ಹೆಸರಿನದಾದದ್ದು

ಆ್ಯಂಗ್ಲರ್ ಮೀನಿನ ನೆತ್ತಿಯಿಂದ ಬಾಯಿಯ ಮುಂದಕ್ಕೆ ಬಾಗಿ ನಿಂತ ಕಡ್ಡಿಯನ್ನು ಚಿತ್ರಗಳಲ್ಲಿ ನೋಡಿರುತ್ತೀರಿ. ಅದು ಮೂಲತಃ ಬೆನ್ನುರೆಕ್ಕೆಯ ಮೊದಲ ಮುಳ್ಳು. ವಿಕಾಸದ ಹಾದಿಯಲ್ಲಿ ತಲೆಯ ಮೇಲಕ್ಕೆ ಸರಿದು, ಉಳಿದ ರೆಕ್ಕೆಯಿಂದ ಬಿಡಿಸಿಕೊಂಡು ಗಾಳವಾಯಿತು. ಜೀವಶಾಸ್ತ್ರಜ್ಞರು ಈ ಕಡ್ಡಿಯನ್ನು ‘ಇಲ್ಲಿಸಿಯಂ’ ಎಂದೂ ತುದಿಯ ಎರೆಯನ್ನು ‘ಎಸ್ಕಾ’ ಎಂದೂ ಕರೆಯುತ್ತಾರೆ. ಬುಡದಲ್ಲಿ ಸ್ನಾಯುಗಳಿರುವುದರಿಂದ ಮೀನು ಅದನ್ನು ಬೇಕೆಂದಾಗ ಆಡಿಸಬಲ್ಲದು. ತೀರಕ್ಕೆ ಹತ್ತಿರದ ಜಾತಿಗಳ ಈ ಗಾಳಗಾರಿಕೆಯನ್ನು ಅರಿಸ್ಟಾಟಲನೇ ಬರೆದಿಟ್ಟಿದ್ದಾನೆ.

ಬೆಳಕೇ ತಲುಪದ ಆಳದಲ್ಲಿ ಎರೆ ಕಾಣುವುದಾದರೂ ಹೇಗೆ? ಅಲ್ಲಿನ ಹೆಚ್ಚಿನ ಜಾತಿಗಳಲ್ಲಿ ಎಸ್ಕಾ ಹೊಳೆಯುತ್ತದೆ, ಆದರೆ ಆ ಬೆಳಕು ಮೀನಿನದಲ್ಲ. ಒಳಗೆ ಬಾಡಿಗೆಗಿರುವ ಬ್ಯಾಕ್ಟೀರಿಯಾಗಳದು. ಅವು ಮರಿಗೆ ತಾಯಿಯಿಂದ ಬರುವುದಿಲ್ಲ, ಸುತ್ತಲಿನ ನೀರಿನಿಂದ ಸೇರಿಕೊಳ್ಳುತ್ತವೆ ಎಂದು ಈಚಿನ ಅಧ್ಯಯನಗಳು ಸೂಚಿಸುತ್ತವೆ. ಇಲ್ಲೊಂದು ತೊಡಕೂ ಇದೆ: ಮೂಗಿನ ಮುಂದೆ ದೀಪ ಹಿಡಿದವನ ಮುಖವೇ ಮೊದಲು ಬೆಳಗಬೇಕಲ್ಲ! ಅದಕ್ಕೂ ಉಪಾಯವಿದೆ. ಕೆಲವು ಆ್ಯಂಗ್ಲರ್‌ಗಳ ಚರ್ಮ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ. 99.5ಕ್ಕೂ ಹೆಚ್ಚನ್ನು ನುಂಗಿಬಿಡುತ್ತದೆ ಎಂಬುದು 2020ರಲ್ಲಿ ವರದಿಯಾಯಿತು. ಬೇಟೆಗೆ ದೀಪ ಕಾಣುತ್ತದೆ, ಬಾಯಿ ಕಾಣುವುದಿಲ್ಲ.

ಆಳಸಮುದ್ರದಲ್ಲಿ ಗಾಳವಿರುವುದು ಹೆಣ್ಣಿಗೆ ಮಾತ್ರ. ಗಂಡು ತೀರ ಚಿಕ್ಕದು. ಕೆಲವು ಜಾತಿಗಳಲ್ಲಿ ಹೆಣ್ಣನ್ನು ಕಚ್ಚಿ ಹಿಡಿದು ಅದರ ಮೈಗೇ ಬೆಸೆದುಕೊಂಡು, ಅದರ ರಕ್ತದಲ್ಲೇ ಬದುಕುತ್ತದೆ. ಹಾಗೆ ಅಂಟಿಕೊಂಡಿದ್ದವನ್ನು 1922ರಲ್ಲಿ ಐಸ್‌ಲ್ಯಾಂಡಿನ ವಿಜ್ಞಾನಿಯೊಬ್ಬರು ಮರಿಗಳೆಂದೇ ಬಗೆದರು. ಅವು ಗಂಡುಗಳೆಂದು ಮೂರು ವರ್ಷದ ಮೇಲೆ ತೋರಿಸಿದವರು ಬ್ರಿಟನ್ನಿನ ಚಾರ್ಲ್ಸ್ ಟೇಟ್ ರೀಗನ್.

ಇನ್ನು ಆ ಗಾಳದ ಕಡ್ಡಿಯ ಹೆಸರಿಗೆ ಬಂದರೆ, ಲ್ಯಾಟಿನ್ನಿನಲ್ಲಿ ಇಲ್ಲಿಸಿಯಂ ಎಂದರೆ ಆಮಿಷ. ಪಲಾವಿಗೆ ಹಾಕುವ ಚಕ್ರಮೊಗ್ಗಿನ ಕುಲಕ್ಕೂ ಇದೇ ಹೆಸರು, ಅದರ ಪರಿಮಳದ ಸೆಳೆತಕ್ಕಾಗಿ. ಮೀನಿನಲ್ಲಿ ಅದು ಅಂಗದ ಹೆಸರು, ಗಿಡದಲ್ಲಿ ಕುಲದ ಹೆಸರು, ಹಾಗಾಗಿ ತಕರಾರಿಲ್ಲ. ಅಂದಹಾಗೆ, ಮೊಗ್ಗು ಎಂದು ನಾವು ಕರೆಯುವುದು ನಿಜವಾಗಿ ಒಣಗಿದ ಹಣ್ಣು. ಬೆಳೆಯುವುದು ಮುಖ್ಯವಾಗಿ ದಕ್ಷಿಣ ಚೀನಾ ಮತ್ತು ವಿಯೆಟ್ನಾಮಿನಲ್ಲಿ. 2005ರ ಹಕ್ಕಿಜ್ವರದ ಭೀತಿಯಲ್ಲಿ ಅದಕ್ಕೆ ಎಲ್ಲಿಲ್ಲದ ಬೇಡಿಕೆ ಬಂತು. ಟ್ಯಾಮಿಫ್ಲೂ ಔಷಧಿಗೆ ಬೇಕಾದ ಶಿಕಿಮಿಕ್ ಆಮ್ಲವನ್ನು ಆಗ ಹೆಚ್ಚಾಗಿ ಈ ಹಣ್ಣಿನಿಂದ ತೆಗೆಯುತ್ತಿದ್ದರು.

ಆದರೆ 1759ರಲ್ಲಿ ಸಸ್ಯಶಾಸ್ತ್ರಜ್ಞ ಲಿನೇಯಸ್ ಈ ಕುಲದ ಹೆಸರನ್ನು ಕೊಟ್ಟದ್ದು ನಮ್ಮ ಮಸಾಲೆಗಲ್ಲ, ಜಪಾನಿನ ಶಿಕಿಮಿ ಗಿಡಕ್ಕೆ. ಅದರ ಹಣ್ಣಿನಲ್ಲಿ ಅನಿಸಾಟಿನ್ ಎಂಬ ವಿಷವಿದೆ. ತಿಂದವರಿಗೆ ವಾಂತಿ, ಸೆಳವು ಬರಬಹುದು. ಗಾಳದ ಹೆಸರು ಒಪ್ಪುವುದು ಈ ದಾಯಾದಿಗೇ ಎಂದು ನನಗನ್ನಿಸುತ್ತದೆ. ತಿನ್ನಬಹುದಾದ ಚಕ್ರಮೊಗ್ಗಿಗೆ ಸಸ್ಯಶಾಸ್ತ್ರ ಕೊನೆಗೆ ‘ವೇರಮ್’, ಅಂದರೆ ‘ಅಸಲಿ’ ಎಂಬ ಬಿರುದನ್ನೇ ಸೇರಿಸಬೇಕಾಯಿತು. ಒಣಗಿದ ಮೇಲೆ ಎರಡನ್ನೂ ಕಣ್ಣಳತೆಯಲ್ಲಿ ಬೇರೆ ಮಾಡುವುದು ಕಷ್ಟ. ಚಕ್ರಮೊಗ್ಗಿನ ಚಹಾ ಕುಡಿದವರು, ಹಸುಳೆಗಳೂ ಸೇರಿ, ಕಾಯಿಲೆ ಬಿದ್ದದ್ದರಿಂದ 2003ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಆ ಚಹಾವನ್ನೇ ಕುಡಿಯಬೇಡಿ ಎಂದು ಜನರಿಗೆ ಎಚ್ಚರಿಕೆ ಕೊಟ್ಟಿತು.