ತುಂಡು ಬಟ್ಟೆಯ ಗಂಟಿನಿಂದ ಕೌದಿ: ಸೂಜಿ ಹಿಡಿಯುವ ಮೊದಲು ಮಾಡಬೇಕಾದ ಲೆಕ್ಕ

ರಾಗಿಯ ಒಕ್ಕಣೆ ಮುಗಿದು ಹುಲ್ಲು ಬಣವೆ ಸೇರಿದ ಮೇಲೆ, ಕೋಲಾರ ಜಿಲ್ಲೆಯ ಖುಷ್ಕಿ ಹೊಲಗಳಲ್ಲಿ ಮುಂದಿನ ಮಳೆಗಾಲದವರೆಗೆ ಹೆಚ್ಚು ಕೆಲಸವಿರುವುದಿಲ್ಲ. ಈ ಬಿಡುವಿನಲ್ಲಿ ಮನೆಯ ಹೆಂಗಸರು ಹಳೆಯ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ ಹೊದಿಕೆ ಹೊಲಿಯುವುದು ನಮ್ಮ ನಾಡಿನ ಹಳೆಯ ಪದ್ಧತಿ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಇದಕ್ಕೆ ಕೌದಿ ಎನ್ನುತ್ತಾರೆ. ಗಡಿಭಾಗದ ತೆಲುಗು ಮನೆಮಾತಿನವರು ಬೊಂತ ಎನ್ನುತ್ತಾರೆ. ಹೊಲದ ಕಾವಲಿಗೆ ರಾತ್ರಿ ಹೊರಗೆ ಮಲಗುವವರಿಗೂ, ತೊಟ್ಟಿಲ ಮಗುವಿಗೂ ಇದೇ ಹೊದಿಕೆ.

ಈಚಿನ ವರ್ಷಗಳಲ್ಲಿ ಒಂದು ಬದಲಾವಣೆ ಆಗಿದೆ. ಹಳೆಯ ಬಟ್ಟೆಯ ಜೊತೆಗೆ ಹೊಸ ತುಂಡು ಬಟ್ಟೆಯ ಗಂಟುಗಳೂ ಹಳ್ಳಿಗೆ ಬರುತ್ತಿವೆ. ಚಿನ್ನದ ಗಣಿಯು 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ಕೆ.ಜಿ.ಎಫ್. ಮತ್ತು ಬಂಗಾರಪೇಟೆಯಿಂದ ದಿನವೂ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿಬರುವವರು ಬಹಳ ಮಂದಿ. ಬೆಂಗಳೂರು ಸಿದ್ಧ ಉಡುಪಿನ ಕಾರ್ಖಾನೆಗಳ ಊರು. ಅಲ್ಲಿ ಉಡುಪು ಕತ್ತರಿಸಿ ಉಳಿದ ಚೂರುಗಳೂ, ವ್ಯಾಪಾರಿಗಳಿಗೆ ಮಾದರಿ ತೋರಿಸಲು ಒಂದೇ ಅಳತೆಗೆ ಕತ್ತರಿಸಿದ ತುಂಡುಗಳೂ ತೂಕದ ಲೆಕ್ಕದಲ್ಲಿ ಮಾರಾಟಕ್ಕೆ ಬರುತ್ತವೆ. ಬಂಗಾರಪೇಟೆ–ಜೋಲಾರ್‌ಪೇಟೆ ರೈಲು ಮಾರ್ಗದಲ್ಲಿರುವ ಕಾಮಸಮುದ್ರದಂಥ ಊರಿಗೆ ಇಂಥ ಗಂಟನ್ನು ತರುವುದು ಕಷ್ಟದ ಕೆಲಸವೇನಲ್ಲ.

ಬೇಸಾಯಶಾಸ್ತ್ರ ಕಲಿಸುವವನು ಹೊಲಿಗೆಯ ವಿಷಯ ಬರೆಯುವುದೇಕೆ ಎಂದು ಓದುಗರು ಕೇಳಬಹುದು. ಕಾಮಸಮುದ್ರದ ಕಡೆ ರಾಗಿ ತಾಕು ನೋಡಲು ಹೋಗಿದ್ದಾಗ ಒಂದು ಮನೆಯ ಜಗಲಿಯ ಮೇಲೆ ಹೊಸ ಕೌದಿಯೊಂದು ಒಣಗುತ್ತಿತ್ತು. ಕೆಂಪು ತುಂಡುಗಳ ಬಣ್ಣ ಅಕ್ಕಪಕ್ಕದ ಬಿಳಿಯ ಮೇಲೆಲ್ಲ ಹರಿದಿತ್ತು. ಕೆಲವು ತುಂಡು ಕುಗ್ಗಿ ಸುಕ್ಕಾಗಿದ್ದವು, ಕೆಲವು ಜೋತುಬಿದ್ದಿದ್ದವು. “ರಾತ್ರಿ ರಾತ್ರಿ ಕೂತು ತಿಂಗಳುಗಟ್ಟಲೆ ಹೊಲಿದಿದ್ದು ಸಾರ್, ಒಂದೇ ಒಗೆತಕ್ಕೆ ಹೋಯಿತು” ಎಂದರು ಆ ಮನೆಯಾಕೆ. ಅವರ ಹೊಲಿಗೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಬೀಜವನ್ನು ಪರೀಕ್ಷಿಸದೆ ಬಿತ್ತಿದ ಹಾಗೆ, ಬಟ್ಟೆಯನ್ನು ಪರೀಕ್ಷಿಸದೆ ಹೊಲಿದಿದ್ದರು. ಬಿತ್ತನೆಯಲ್ಲಿ ನಾವು ಅನುಸರಿಸುವ ಕ್ರಮವನ್ನೇ ಇಲ್ಲಿಯೂ ಅನುಸರಿಸಿದರೆ ಈ ನಷ್ಟವನ್ನು ತಪ್ಪಿಸಬಹುದು.

ಶ್ರಮದ ಲೆಕ್ಕ

ಮೊದಲು ಒಂದು ಕೌದಿಗೆ ಏನೇನು ಬೇಕೆಂದು ನೋಡೋಣ. 15 ಸೆಂ.ಮೀ. (6 ಇಂಚು) ಚೌಕದ ತುಂಡುಗಳನ್ನು ತೆಗೆದುಕೊಳ್ಳೋಣ. ಪ್ರತಿ ಅಂಚಿನಲ್ಲಿಯೂ ಮುಕ್ಕಾಲು ಸೆಂ.ಮೀ. ಹೊಲಿಗೆಯ ಒಳಗೆ ಹೋದರೆ 13.5 ಸೆಂ.ಮೀ. ಚೌಕ ಉಳಿಯುತ್ತದೆ. ಅಗಲಕ್ಕೆ 11, ಉದ್ದಕ್ಕೆ 15, ಒಟ್ಟು 165 ತುಂಡು ಜೋಡಿಸಿದರೆ ಸುಮಾರು ಒಂದೂವರೆ ಮೀಟರ್ ಅಗಲ, ಎರಡು ಮೀಟರ್ ಉದ್ದದ ಕೌದಿಯಾಗುತ್ತದೆ. ಇದರ ವಿಸ್ತೀರ್ಣ 3 ಚದರ ಮೀಟರ್.

ಪದರಗಳನ್ನು ಕೂಡಿಸಲು ಒಂದು ಇಂಚಿಗೆ, ಎಂದರೆ ಸುಮಾರು 2.5 ಸೆಂ.ಮೀ.ಗೆ, ಒಂದು ಸಾಲಿನಂತೆ ಸಾದಾ ಹೊಲಿಗೆ ಹಾಕಿದರೆ 3 ಚದರ ಮೀಟರಿಗೆ ಒಟ್ಟು 120 ಮೀಟರ್ ಉದ್ದದ ಸಾಲು ಆಗುತ್ತದೆ. ದಪ್ಪ ಪದರದಲ್ಲಿ ಗಂಟೆಗೆ 4 ಮೀಟರ್ ಕೈಹೊಲಿಗೆ ಸಾಗುವುದೆಂದು ಇಟ್ಟುಕೊಂಡರೆ ಇದಕ್ಕೇ 30 ಗಂಟೆ ಬೇಕು. ಒಗೆದು, ಕತ್ತರಿಸಿ, ತುಂಡು ಜೋಡಿಸಲು ಇನ್ನು 10 ಗಂಟೆ ಸೇರಿಸಿದರೆ 40 ಗಂಟೆ, ಅಂದರೆ 8 ಗಂಟೆಯ 5 ದಿನಗಳ ಕೆಲಸ. ದಿನಕ್ಕೆ 400 ರೂ. ಕೂಲಿ ಎಂದು ಲೆಕ್ಕ ಹಾಕಿದರೂ ಶ್ರಮದ ಬೆಲೆ 2,000 ರೂ. ಆಗುತ್ತದೆ. ಪ್ರತಿಯೊಬ್ಬರೂ ತಮ್ಮ ಕೈವೇಗವನ್ನೂ ತಮ್ಮ ಊರಿನ ಕೂಲಿಯನ್ನೂ ಹಾಕಿ ಈ ಲೆಕ್ಕ ಮಾಡಿಕೊಳ್ಳಬೇಕು.

ಈಗ ಬಟ್ಟೆಯ ಲೆಕ್ಕ. ಅಂಗಿಯ ಪಾಪ್ಲಿನ್ ಬಟ್ಟೆ ಚದರ ಮೀಟರಿಗೆ ಸುಮಾರು 110 ಗ್ರಾಂ ತೂಗುತ್ತದೆ. ಮೇಲೆ ಹೇಳಿದ 165 ತುಂಡುಗಳ ವಿಸ್ತೀರ್ಣ ಸುಮಾರು 3.7 ಚದರ ಮೀಟರ್, ತೂಕ ಕೇವಲ 410 ಗ್ರಾಂ. ಮೇಲುಹಾಸಿಗೆ ಅರ್ಧ ಕಿಲೋ ಬಟ್ಟೆಯೂ ಬೇಕಿಲ್ಲ! ಕಿಲೋಗೆ 50 ರೂ. ಕಡಿಮೆ ಎಂದು ಕಳಪೆ ಗಂಟು ತಂದರೆ ಒಂದು ಕೌದಿಯಲ್ಲಿ ಉಳಿಯುವುದು 20–25 ರೂ. ಆ ಉಳಿತಾಯಕ್ಕಾಗಿ 2,000 ರೂ.ಗಳ ಶ್ರಮವನ್ನು ಅಪಾಯಕ್ಕೆ ಒಡ್ಡಿದಂತಾಗುತ್ತದೆ.

ಗಂಟಿನ “ಮೊಳಕೆ ಪ್ರಮಾಣ”

ಬಿತ್ತನೆ ಬೀಜದ ಬೆಲೆಯನ್ನು ಮೊಳಕೆಯ ಪ್ರಮಾಣದೊಂದಿಗೆ ಸೇರಿಸಿ ನೋಡಬೇಕೆಂದು ರೈತರಿಗೆ ಹೇಳುತ್ತೇವೆ. ಗಂಟಿಗೂ ಇದೇ ನಿಯಮ. ಮಣ್ಣಿನ ಮಾದರಿಯನ್ನು ಹೊಲದ ಒಂದೇ ಕಡೆ ತೆಗೆಯುವುದಿಲ್ಲ. ಅದರಂತೆ ಗಂಟಿನ ಮೇಲೆ, ನಡುವೆ, ತಳದಲ್ಲಿ ಕೈಹಾಕಿ ಒಟ್ಟು ಅರ್ಧ ಕಿಲೋ ತೆಗೆಯಬೇಕು. ಅದನ್ನು ಮನೆಯಲ್ಲಿ ಒಗೆದು ಒಣಗಿಸಿ, ಒಳ್ಳೆಯ ಹತ್ತಿಬಟ್ಟೆಯಿಂದ 15 ಸೆಂ.ಮೀ. ಚೌಕಗಳನ್ನು ಕತ್ತರಿಸಿ, ಚೌಕಗಳನ್ನು ಮಾತ್ರ ತೂಗಬೇಕು. 250 ಗ್ರಾಂ ಬಂದರೆ ಆ ಗಂಟು ಶೇಕಡ 50ರ ಗಂಟು.

ಉದಾಹರಣೆಗೆ, ಕಿಲೋಗೆ 100 ರೂ.ಗಳ ಗಂಟಿನಲ್ಲಿ ಶೇ. 50ರಷ್ಟು ಮಾತ್ರ ಉಪಯೋಗಕ್ಕೆ ಬಂದರೆ, ಉಪಯುಕ್ತ ಬಟ್ಟೆಯ ನಿಜವಾದ ಬೆಲೆ ಕಿಲೋಗೆ 200 ರೂ. ಒಂದೇ ಅಳತೆಯ ಮಾದರಿ ತುಂಡುಗಳ ಗಂಟು 150 ರೂ. ಆಗಿದ್ದು, ಶೇ. 90 ಉಪಯೋಗಕ್ಕೆ ಬಂದರೆ ನಿಜವಾದ ಬೆಲೆ 167 ರೂ. ಕಡಿಮೆ ಬೆಲೆಯ ಗಂಟೇ ದುಬಾರಿಯಾಯಿತು. ಗಂಟನ್ನು ಬಿಚ್ಚಿ ಕೊಡುವುದಿಲ್ಲವೆಂದರೆ ಸ್ತ್ರೀಶಕ್ತಿ ಸಂಘದ ಸದಸ್ಯೆಯರು ಸೇರಿ ಒಂದೇ ಗಂಟು ತಂದು ಪರೀಕ್ಷಿಸಿ, ಅನಂತರ ಹೆಚ್ಚು ಕೊಳ್ಳಬಹುದು. ತೇವವಿರುವ, ಮುಗ್ಗಲು ವಾಸನೆಯ ಗಂಟನ್ನು ಕೊಳ್ಳಬಾರದು. ನೀರಿಗೂ ಹಣ ತೆತ್ತಂತಾಗುತ್ತದೆ.

ನಾಲ್ಕು ಪರೀಕ್ಷೆಗಳು

1. ಬೆಂಕಿಯ ಪರೀಕ್ಷೆ: ಬೆರಳುದ್ದದ ಚೂರನ್ನು ಇಕ್ಕಳದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆ ಇಟ್ಟು ತುದಿಗೆ ಬೆಂಕಿ ತಾಗಿಸಬೇಕು. ಹತ್ತಿ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಮುದುಡಿ ಕರಗಿ, ಕಪ್ಪು ಹೊಗೆ ಬಿಟ್ಟು, ಗಟ್ಟಿ ಮಣಿಯಂತಾಗುತ್ತದೆ. ಉರಿದೂ ಗಟ್ಟಿ ಮಣಿ ಉಳಿದರೆ ಅದು ಮಿಶ್ರ ಬಟ್ಟೆ. ರೇಯಾನ್ ಹತ್ತಿಯಂತೆಯೇ ಉರಿಯುತ್ತದೆ, ಆದರೆ ನೆನೆದಾಗ ಬಲ ಕುಂದಿ ಸುಲಭವಾಗಿ ಹರಿಯುತ್ತದೆ. ಒಲೆಯ ಹತ್ತಿರ ಮಲಗುವ ಮನೆಗಳಲ್ಲಿ ಪಾಲಿಯೆಸ್ಟರ್ ಬೆರೆತ ಹೊದಿಕೆ ಅಪಾಯಕಾರಿ. ಕಿಡಿ ತಾಗಿದರೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ.

2. ಬಣ್ಣದ ಪರೀಕ್ಷೆ: ಗಾಢ ಕೆಂಪು, ನೀಲಿ, ಕಪ್ಪು ತುಂಡುಗಳನ್ನು ಬಿಸಿನೀರಿನಲ್ಲಿ ನೆನೆಸಿ, ಬಿಳಿಯ ಹತ್ತಿಬಟ್ಟೆಯ ಮೇಲೆ ಇಟ್ಟು ಒತ್ತಬೇಕು. ಬಿಳಿಗೆ ಬಣ್ಣ ಹತ್ತಿದರೆ ಆ ತುಂಡನ್ನು ಬೇರೆ ಇಡಬೇಕು. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆಂಬ ನಂಬಿಕೆ ಬಹಳ ಕಡೆ ಇದೆ. ಬಣ್ಣ ಹಾಕುವಾಗ ಉಪ್ಪು ಸಹಾಯಕ ನಿಜ. ಆದರೆ ಸಿದ್ಧ ಬಟ್ಟೆಯಿಂದ ಹೊರಬರುತ್ತಿರುವ ಬಣ್ಣವನ್ನು ಅದು ತಡೆಯುತ್ತದೆಂದು ನೆಚ್ಚಬಾರದು. ಸಾಬೂನು ಹಾಕಿ ಬಿಸಿನೀರಿನಲ್ಲಿ ಎರಡು ಮೂರು ಬಾರಿ ಒಗೆಯಬೇಕು. ಆಮೇಲೂ ನೀರು ತಿಳಿಯಾಗದಿದ್ದರೆ ಆ ತುಂಡು ಕೌದಿಗೆ ಬೇಡ.

3. ಎಳೆತದ ಪರೀಕ್ಷೆ: ತುಂಡನ್ನು ಹಾಸಿನ ಕಡೆಗೂ ಹೊಕ್ಕಿನ ಕಡೆಗೂ ಎಳೆದು ನೋಡಬೇಕು. ನೇಯ್ದ ಬಟ್ಟೆ ಈ ಎರಡು ಕಡೆ ಹೆಚ್ಚು ಹಿಗ್ಗುವುದಿಲ್ಲ, ಮೂಲೆಯಿಂದ ಮೂಲೆಗೆ ಎಳೆದರೆ ಹಿಗ್ಗುತ್ತದೆ. ಆದ್ದರಿಂದ ಎಳೆಯ ನೇರಕ್ಕೇ ಚೌಕ ಕತ್ತರಿಸಬೇಕು. ಬನಿಯನ್ ಬಟ್ಟೆ ಎಲ್ಲ ಕಡೆಗೂ ಹಿಗ್ಗುತ್ತದೆ. ಅದನ್ನು ನೇಯ್ದ ಬಟ್ಟೆಯ ಜೊತೆ ಸೇರಿಸಿದರೆ ಜೋತುಬೀಳುವುದು ಖಂಡಿತ.

4. ಕುಗ್ಗುವಿಕೆ: ಹೊಸ ಹತ್ತಿಬಟ್ಟೆ ಮೊದಲ ಒಗೆತದಲ್ಲಿ ನೂರಕ್ಕೆ 3ರಿಂದ 5 ಭಾಗ ಕುಗ್ಗಬಹುದು. 15 ಸೆಂ.ಮೀ. ತುಂಡಿನಲ್ಲಿ ಇದು ಅರ್ಧದಿಂದ ಮುಕ್ಕಾಲು ಸೆಂ.ಮೀ. ಆಗುತ್ತದೆ. ಆದ್ದರಿಂದ ಮೊದಲು ಒಗೆದು, ಆಮೇಲೆ ಕತ್ತರಿಸಬೇಕು. ಸಣ್ಣ ತುಂಡುಗಳ ಅಂಚು ಬಿಚ್ಚದಂತೆ ಹಳೆಯ ದಿಂಬಿನ ಚೀಲದಲ್ಲಿ ತುಂಬಿ, ಬಾಯಿ ಕಟ್ಟಿ ಒಗೆಯುವುದು ಒಳ್ಳೆಯದು.

ಅಮೆರಿಕದಲ್ಲಿ ಹೊಲಿಗೆಯವರಿಗಾಗಿಯೇ 5 ಇಂಚು ಚೌಕ, 10 ಇಂಚು ಚೌಕ, ಎರಡೂವರೆ ಇಂಚು ಅಗಲದ ಪಟ್ಟಿ ಎಂದು ಕತ್ತರಿಸಿದ ಹತ್ತಿಬಟ್ಟೆಯ ಕಟ್ಟುಗಳು ಅಂಗಡಿಯಲ್ಲಿ ಸಿಗುತ್ತವೆ. ಒಂದು ಕಟ್ಟಿನಲ್ಲಿರುವ ಬಟ್ಟೆ ಸಾಮಾನ್ಯವಾಗಿ ಒಂದೇ ಜಾತಿಯದು, ಬಣ್ಣಗಳೂ ಹೊಂದುವಂತೆ ಆರಿಸಿದವು. ಅಲ್ಲಿ ಅಂಗಡಿಯವನು ಮಾಡಿಕೊಡುವ ವಿಂಗಡಣೆಯನ್ನು ಇಲ್ಲಿ ನಾವೇ ಮಾಡಿಕೊಳ್ಳಬೇಕು. ವ್ಯತ್ಯಾಸ ಇಷ್ಟೇ.

ಯಾವ ಅಳತೆ ಸೂಕ್ತ?

ಚೂರು ವ್ಯರ್ಥವಾಗಬಾರದೆಂದು ಬಹಳ ಸಣ್ಣ ತುಂಡು ಜೋಡಿಸುವವರಿದ್ದಾರೆ. ತುಂಡು ಚಿಕ್ಕದಾದಷ್ಟೂ ಹೊಲಿಗೆಯ ಒಳಗೆ ಹೋಗುವ ಭಾಗ ಹೆಚ್ಚು. 20 ಸೆಂ.ಮೀ. ಚೌಕದಲ್ಲಿ ಶೇ. 14, 15 ಸೆಂ.ಮೀ. ಚೌಕದಲ್ಲಿ ಶೇ. 19, 10 ಸೆಂ.ಮೀ. ಚೌಕದಲ್ಲಿ ಶೇ. 28ರಷ್ಟು ಬಟ್ಟೆ ಒಳಗೆ ಹೋಗುತ್ತದೆ. ಶ್ರಮವೂ ಹಾಗೆಯೇ. 15 ಸೆಂ.ಮೀ. ತುಂಡುಗಳ ಕೌದಿಗೆ ಜೋಡಣೆಯ ಹೊಲಿಗೆ 41 ಮೀಟರ್. ಅಷ್ಟೇ ದೊಡ್ಡ ಕೌದಿಗೆ 10 ಸೆಂ.ಮೀ. ತುಂಡು 432 ಬೇಕು, ಜೋಡಣೆ 70 ಮೀಟರ್ ಆಗುತ್ತದೆ. ಆದ್ದರಿಂದ 15 ಸೆಂ.ಮೀ. ಅಳತೆಯ ರಟ್ಟೊಂದನ್ನು ಮಾಡಿಕೊಂಡು ಎಲ್ಲ ತುಂಡನ್ನೂ ಅದರಿಂದಲೇ ಗುರುತಿಸಿ ಕತ್ತರಿಸುವುದು ಸೂಕ್ತ.

ಹಾಗಾದರೆ ಸಣ್ಣ, ಓರೆ ತುಂಡುಗಳನ್ನೇನು ಮಾಡಬೇಕು? ಇದಕ್ಕೆ ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ ತಾಲ್ಲೂಕುಗಳ ಸಿದ್ದಿ ಮಹಿಳೆಯರ ಪದ್ಧತಿ ಅನುಕರಣೀಯ. ಅವರು ತುಂಡುಗಳನ್ನು ಮೊದಲೇ ಒಂದಕ್ಕೊಂದು ಜೋಡಿಸುವುದಿಲ್ಲ. ತಳಕ್ಕೆ ಸೀರೆ ಹಾಸಿ, ಅಂಚಿನಿಂದ ಆರಂಭಿಸಿ ಒಂದೊಂದೇ ತುಂಡಿಟ್ಟು, ಅದರ ಅಂಚನ್ನು ಒಳಗೆ ಮಡಿಸಿ ಸಾದಾ ಹೊಲಿಗೆ ಹಾಕುತ್ತ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಜೋಡಣೆ ಮತ್ತು ಪದರಗಳ ಹೊಲಿಗೆ ಒಂದೇ ಕೆಲಸದಲ್ಲಿ ಮುಗಿಯುತ್ತದೆ, ಯಾವ ಆಕಾರದ ತುಂಡಾದರೂ ಸಲ್ಲುತ್ತದೆ. ಒಂದೇ ಅಳತೆಯ ತುಂಡಿಗೆ ಜೋಡಣೆಯ ಪದ್ಧತಿ, ಓರೆಕೋರೆ ತುಂಡಿಗೆ ಸಿದ್ದಿಯರ ಪದ್ಧತಿ ಎಂದು ವಿಂಗಡಿಸಿಕೊಂಡರೆ ಒಳ್ಳೆಯ ಬಟ್ಟೆ ವ್ಯರ್ಥವಾಗುವುದಿಲ್ಲ.

ಒಳಪದರಕ್ಕೂ ತಳಕ್ಕೂ ಒಗೆದು ಮೆತ್ತಗಾದ ಹಳೆಯ ಹತ್ತಿ ಸೀರೆಯೇ ಉತ್ತಮ. ಒಂದು ಪದರಕ್ಕೆ 1.6 ಮೀಟರಿನ ಎರಡು ತುಂಡನ್ನು ಅಕ್ಕಪಕ್ಕ ಹಾಸಬೇಕು. ಐದೂವರೆ ಮೀಟರಿನ ಎರಡು ಸೀರೆಗಳಲ್ಲಿ ಮೂರು ಪದರ ಆಗುತ್ತದೆ. ಜೀರ್ಣವಾದ ಭಾಗವನ್ನು ತಳಕ್ಕೆ ಬಳಸದೆ ಒಳಗೆ ಹಾಕಬೇಕು.

ಉಳಿದ ಚೂರು ತಿಪ್ಪೆಗೆ ಬೇಡ

ಬನಿಯನ್ ಬಟ್ಟೆಯ ಪಟ್ಟಿಗಳನ್ನು ಹೆಣೆದು ಕಾಲೊರಸು ಮಾಡಬಹುದು. ಪಾಲಿಯೆಸ್ಟರ್ ಚೂರನ್ನು ಪಾತ್ರೆ ಇಳಿಸುವ ಬಟ್ಟೆಯಾಗಿ ಬಳಸಬಾರದು. ತಿಪ್ಪೆಗಂತೂ ಹಾಕಲೇಬಾರದು. ಅದು ಕೊಳೆಯುವುದಿಲ್ಲ. ಗೊಬ್ಬರದೊಂದಿಗೆ ಹೊಲ ಸೇರಿ ಕುಂಟೆಗೆ ಸುತ್ತಿಕೊಳ್ಳುತ್ತದೆ, ಮೇವಿನೊಂದಿಗೆ ದನದ ಹೊಟ್ಟೆಗೂ ಹೋಗಬಹುದು. ಸುಡುವುದೂ ಸರಿಯಲ್ಲ, ಹೊಗೆ ಹಾನಿಕರ. ಇಂಥ ಚೂರು ಹೆಚ್ಚಾಗಿರುವ ಗಂಟನ್ನು ಕೊಳ್ಳದಿರುವುದೇ ಸರಿಯಾದ ಉಪಾಯ.

ಮಾರುವ ಮೊದಲು

ಮೇಲಿನ ಲೆಕ್ಕದಂತೆ ಬಟ್ಟೆ ಮತ್ತು ದಾರಕ್ಕೆ 150 ರೂ., ಶ್ರಮಕ್ಕೆ 2,000 ರೂ. ಎಂದರೆ ಕೌದಿಯ ನಿಜವಾದ ಬೆಲೆ 2,150 ರೂ. ಇದನ್ನು 700 ರೂ.ಗೆ ಮಾರಿ 550 ರೂ. ಲಾಭ ಬಂತೆಂದು ತಿಳಿದರೆ, ದಿನಕ್ಕೆ 110 ರೂ. ಕೂಲಿಗೆ ದುಡಿದಂತಾಯಿತು. ಅಷ್ಟು ಬೆಲೆ ಕೊಡುವ ಗಿರಾಕಿ ಸಿಗದ ಕಡೆ ದೊಡ್ಡ ಕೌದಿಯನ್ನು ಮನೆಯ ಬಳಕೆಗೆ ಹೊಲಿದು, ಮಾರಾಟಕ್ಕೆ 75 ಸೆಂ.ಮೀ. ಅಗಲ, 1 ಮೀಟರ್ ಉದ್ದದ ತೊಟ್ಟಿಲ ಕೌದಿ ಮಾಡುವುದು ಮೇಲು. ಅದರ ವಿಸ್ತೀರ್ಣ ದೊಡ್ಡದರ ಕಾಲುಭಾಗ, ಶ್ರಮವೂ ಸುಮಾರು 10 ಗಂಟೆ ಮಾತ್ರ. ಮಗುವಿನ ಮೈಗೆ ತಾಗುವುದರಿಂದ ಇದಕ್ಕೆ ಶುದ್ಧ ಹತ್ತಿಬಟ್ಟೆಯನ್ನೇ ಬಳಸಬೇಕು.

ವಿಸ್ತರಣಾ ಕಾರ್ಯಕರ್ತರು ಸಂಘಗಳಲ್ಲಿ ಹೊಲಿಗೆ ತರಬೇತಿ ನಡೆಸುವಾಗ ಮೊದಲ ದಿನವನ್ನು ತಕ್ಕಡಿ, ಬಿಸಿನೀರು ಮತ್ತು ಅಳತೆಯ ರಟ್ಟಿಗೆ ಮೀಸಲಿಡಬೇಕು. ಹೊಲಿಯುವುದನ್ನು ನಮ್ಮ ತಾಯಂದಿರಿಗೆ ಯಾರೂ ಕಲಿಸಬೇಕಾಗಿಲ್ಲ. ಐದು ದಿನದ ಅವರ ದುಡಿಮೆ ಎಂಥ ಬಟ್ಟೆಯ ಮೇಲೆ ಬೀಳುತ್ತಿದೆ ಎಂಬುದನ್ನು ಮೊದಲೇ ನೋಡಿಕೊಳ್ಳುವ ಕ್ರಮವೊಂದು ರೂಢಿಗೆ ಬಂದರೆ ಸಾಕು. ಗಂಟು ತಂದ ದಿನವೇ ಸೂಜಿ ಹಿಡಿಯಬಾರದು. ಬಿಚ್ಚಿ, ಒಗೆದು, ವಿಂಗಡಿಸಿ, ತೂಗಿ, ಆಮೇಲೆ ಹೊಲಿಯಲು ಕೂರಬೇಕು.