ಮಾರ್ಮಟ್‌ನ ಮೋಟು ಬೇಸಿಗೆ

ಜೂನ್ 20 ಅಥವಾ 21ರಂದು ಉತ್ತರಾರ್ಧಗೋಳದಲ್ಲಿ ವರ್ಷದ ಅತಿ ದೀರ್ಘ ಹಗಲು. ಬೆಂಗಳೂರಿನಲ್ಲಿ ಇದು ಯಾರ ಗಮನಕ್ಕೂ ಅಷ್ಟಾಗಿ ಬರುವುದಿಲ್ಲ. ಅಂದಿನ ಹಗಲು 13 ಗಂಟೆಗೆ ತುಸು ಕಡಿಮೆ. ಡಿಸೆಂಬರಿನ ಅತಿ ಚಿಕ್ಕ ಹಗಲಿಗಿಂತ ಒಂದೂವರೆ ಗಂಟೆಯಷ್ಟೇ ಹೆಚ್ಚು. ಅದೂ ಮುಂಗಾರಿನ ಮೋಡದ ಮರೆಯಲ್ಲಿ ಕಳೆದುಹೋಗುತ್ತದೆ. ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ, ರಾಕಿ ಪರ್ವತಗಳ ನಡುವೆ ಸುಮಾರು 2,700 ಮೀಟರ್ ಎತ್ತರದಲ್ಲಿರುವ ಕ್ರೆಸ್ಟೆಡ್ ಬ್ಯೂಟ್ ಎಂಬ ಪುಟ್ಟ ಊರಿನ ಕಥೆ ಬೇರೆ. ಅಲ್ಲಿ ಡಿಸೆಂಬರಿನಲ್ಲಿ ಒಂಬತ್ತೂವರೆ ಗಂಟೆಯೊಳಗೆ ಮುಗಿಯುವ ಹಗಲು ಜೂನಿನಲ್ಲಿ 15 ಗಂಟೆಯವರೆಗೆ ಹಿಗ್ಗುತ್ತದೆ. ತಿಂಗಳುಗಟ್ಟಲೆ ಹಿಮದಡಿ ಇದ್ದ ಹುಲ್ಲುಗಾವಲು ಹಸಿರಾಗಿರುತ್ತದೆ, ಶಿಖರಗಳ ಮೇಲೆ ಮಾತ್ರ ಬಿಳಿ ಉಳಿದಿರುತ್ತದೆ. ಊರಿಗೆ ಊರೇ ಬಯಲಿಗೆ ಬರುವ ಕಾಲ ಅದು.

ಆ ಬಯಲಿನಲ್ಲಿ, ಬಂಡೆಗಳ ಮೇಲೆ ಹೊಟ್ಟೆ ಹಚ್ಚಿ ಮಲಗಿರುವ ಕಂದುಬಣ್ಣದ ದುಂಡು ಪ್ರಾಣಿಯೊಂದು ಕಣ್ಣಿಗೆ ಬೀಳುತ್ತದೆ. ಅದೇ ಹಳದಿಹೊಟ್ಟೆಯ ಮಾರ್ಮಟ್. ಅಳಿಲಿನ ಬಳಗಕ್ಕೆ ಸೇರಿದ್ದು. ಆದರೆ ಮರ ಹತ್ತುವ ಅಳಿಲಿನಂತಲ್ಲ, ನೆಲದಲ್ಲಿ ಬಿಲ ತೋಡಿ ಬಾಳುವಂಥದ್ದು. ತೂಕ ಎರಡರಿಂದ ಐದು ಕಿಲೋ. ನೋಡಿದವರಿಗೆ ಇಷ್ಟು ಸೋಮಾರಿ ಪ್ರಾಣಿ ಇನ್ನೊಂದಿಲ್ಲ ಅನ್ನಿಸೀತು. ವಾಸ್ತವದಲ್ಲಿ ಇಷ್ಟು ಕಡಿಮೆ ಕಾಲದಲ್ಲಿ ಇಷ್ಟೊಂದು ಕೆಲಸ ಮುಗಿಸಬೇಕಾದ ಸಸ್ತನಿಗಳು ವಿರಳ. ಹುಲ್ಲು ಮೇಯುವುದು, ಮರಿ ಹಾಕುವುದು, ಮರಿಗಳನ್ನು ಸಾಕುವುದು, ಮುಂದಿನ ಚಳಿಗಾಲಕ್ಕೆ ಮೈತುಂಬ ಕೊಬ್ಬು ಕೂಡಿಸುವುದು, ಎಲ್ಲವೂ ನಾಲ್ಕೈದು ತಿಂಗಳಲ್ಲಿ ಆಗಬೇಕು. ವರ್ಷದ ಉಳಿದ ಭಾಗವೆಲ್ಲ ನೆಲದಡಿಯ ನಿದ್ರೆ. ಮಾರ್ಮಟ್ ತನ್ನ ಆಯುಸ್ಸಿನ ಶೇ 80ರಷ್ಟನ್ನು ಬಿಲದೊಳಗೇ ಕಳೆಯುತ್ತದೆ ಎಂಬುದು ವಿಜ್ಞಾನಿಗಳ ಅಂದಾಜು.

ನಿದ್ರೆಯೆಂಬ ಉಳಿತಾಯ

ಸೆಪ್ಟೆಂಬರಿನ ಹೊತ್ತಿಗೆ ಬಿಲ ಸೇರುವ ಮಾರ್ಮಟ್ ಮತ್ತೆ ಹೊರಬರುವುದು ಏಪ್ರಿಲ್ ಕೊನೆಗೋ ಮೇ ತಿಂಗಳಿಗೋ. ಈ ಏಳೆಂಟು ತಿಂಗಳು ಅದು ಏನನ್ನೂ ತಿನ್ನುವುದಿಲ್ಲ. ನಾವು ರಾತ್ರಿ ಮಾಡುವ ನಿದ್ದೆಗೂ ಈ ಶಿಶಿರನಿದ್ರೆಗೂ ಹೋಲಿಕೆಯೇ ಇಲ್ಲ. ಮೈಬಿಸಿ ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಿಂದ 5 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಎಚ್ಚರದಲ್ಲಿ ನೂರಕ್ಕೂ ಹೆಚ್ಚು ಬಾರಿ ಬಡಿಯುವ ಹೃದಯ ನಿಮಿಷಕ್ಕೆ ಕೆಲವೇ ಬಾರಿ ಬಡಿಯುತ್ತದೆ. ಉಸಿರಾಟ ನಿಮಿಷಕ್ಕೆ ಒಂದೋ ಎರಡೋ ಸಲ.

ಹಾಗೆಂದು ಏಳೆಂಟು ತಿಂಗಳು ಒಂದೇ ಸಮನೆ ತಣ್ಣಗೆ ಬಿದ್ದಿರುವುದಿಲ್ಲ. ಒಂದೆರಡು ವಾರಕ್ಕೊಮ್ಮೆ ಅದರ ದೇಹ ತಾನಾಗಿ ಬಿಸಿಯೇರಿ, ಒಂದಷ್ಟು ಹೊತ್ತು ಸಾಮಾನ್ಯ ಸ್ಥಿತಿಗೆ ಮರಳಿ, ಮತ್ತೆ ತಣ್ಣಗಾಗುತ್ತದೆ. ಚಳಿಗಾಲಕ್ಕೆಂದು ಕೂಡಿಟ್ಟ ಶಕ್ತಿಯ ಬಹುಪಾಲು ಖರ್ಚಾಗುವುದು ಈ ಸಣ್ಣ ಎಚ್ಚರಗಳಲ್ಲೇ. ಜೂನ್, ಜುಲೈ, ಆಗಸ್ಟ್ ತಿಂಗಳ ಮೇವಿನಲ್ಲಿ ಕೂಡಿಟ್ಟ ಕೊಬ್ಬು ಇಷ್ಟಕ್ಕೂ ಸಾಲಬೇಕು. ವಸಂತದಲ್ಲಿ ಹೊರಬರುವ ಮಾರ್ಮಟ್ ತನ್ನ ತೂಕದ ಮೂರನೇ ಒಂದು ಪಾಲಿಗೂ ಹೆಚ್ಚು ಕಳೆದುಕೊಂಡಿರುವುದುಂಟು.

ಕೊಬ್ಬಿನ ಪ್ರಮಾಣ ಸಾಕಾದರೆ ಸಾಲದು, ಅದರ ಗುಣವೂ ಸರಿಯಿರಬೇಕು. ಡಿಸೆಂಬರಿನ ಬೆಳಗ್ಗೆ ನಮ್ಮ ಮನೆಯ ಕೊಬ್ಬರಿ ಎಣ್ಣೆ ಸೀಸೆಯಲ್ಲೇ ಗಟ್ಟಿಯಾಗಿ ಕೂತಿರುತ್ತದೆ, ಪಕ್ಕದಲ್ಲಿರುವ ಸೂರ್ಯಕಾಂತಿ ಎಣ್ಣೆ ನೀರಿನಂತೆ ಹರಿಯುತ್ತದೆ. 5 ಡಿಗ್ರಿಗೆ ಇಳಿಯುವ ದೇಹದೊಳಗೂ ಇದೇ ಪ್ರಶ್ನೆ ಏಳುತ್ತದೆ. ಕೊಬ್ಬು ಗಟ್ಟಿಯಾದರೆ ಅದನ್ನು ಕರಗಿಸಿ ಬಳಸುವುದು ಕಷ್ಟ. ಜೀವಕೋಶಗಳ ಪೊರೆ ಬಿಗಿದುಕೊಂಡರೆ ಅವುಗಳ ಕೆಲಸಕ್ಕೂ ಅಡ್ಡಿ. ಆದ್ದರಿಂದ ತಣ್ಣಗಾದರೂ ಹೆಪ್ಪುಗಟ್ಟದ ಬಹುಅಪರ್ಯಾಪ್ತ ಕೊಬ್ಬಿನಾಮ್ಲಗಳು ಅದಕ್ಕೆ ಬೇಕು. ಅವುಗಳಲ್ಲಿ ಮುಖ್ಯವಾದ ಲಿನೋಲೆಯಿಕ್ ಆಮ್ಲವನ್ನು ಯಾವ ಸಸ್ತನಿಯ ದೇಹವೂ ತಾನೇ ತಯಾರಿಸಲಾರದು. ಅದು ಸಸ್ಯಗಳಿಂದಲೇ ಬರಬೇಕು. ಮಾರ್ಮಟ್‌ಗಳ ಮೇಲೆ ನಡೆದ ಪ್ರಯೋಗಗಳಲ್ಲಿ, ಈ ಆಮ್ಲ ಆಹಾರದಲ್ಲಿ ಎಷ್ಟಿದೆ ಎಂಬುದರ ಮೇಲೆ ನಿದ್ರೆಯ ಆಳ, ಅವಧಿಗಳು ಬದಲಾಗುವುದು ಕಂಡುಬಂದಿದೆ. ಜೂನಿನ ಹಗಲಲ್ಲಿ ಮೆಂದ ಹುಲ್ಲು, ಎಲೆ, ಹೂವು ಜನವರಿಯಲ್ಲಿ ಪ್ರಾಣ ಉಳಿಸುವುದು ಹೀಗೆ.

ಬೆಳಕಿದ್ದರೂ ಹೊರಬರಲಾಗದು

ಹಾಗಾದರೆ ವರ್ಷದ ಅತಿ ದೀರ್ಘ ಹಗಲು ಮಾರ್ಮಟ್‌ಗೆ ಹಬ್ಬವಾಗಬೇಕಲ್ಲ, 15 ಗಂಟೆಯೂ ಮೇಯಬಹುದಲ್ಲ ಎನ್ನಿಸುತ್ತದೆ. ಆದರೆ ಅದು ಹಾಗೆ ಮಾಡುವುದಿಲ್ಲ. ಸೂರ್ಯ ಹುಟ್ಟಿದ ಮೇಲೆ ಹೊರಬಂದು, ಬಂಡೆಯ ಮೇಲೆ ಮೈ ಕಾಯಿಸಿಕೊಂಡು, ಮೇಯತೊಡಗುತ್ತದೆ. ಬಿಸಿಲು ಏರುತ್ತಿದ್ದಂತೆ ಬಿಲಕ್ಕೆ ಮರಳುತ್ತದೆ. ಮತ್ತೆ ಕಾಣಿಸಿಕೊಳ್ಳುವುದು ಇಳಿಹೊತ್ತಿಗೆ. ಹಗಲಿನ ನಡುಭಾಗವೆಲ್ಲ ನೆಲದಡಿಯ ತಂಪಿನಲ್ಲೇ ಕಳೆಯುತ್ತದೆ.

ಕಾರಣ ಅದರ ದೇಹರಚನೆಯಲ್ಲಿದೆ. ದಟ್ಟ ತುಪ್ಪಳ, ಚರ್ಮದಡಿಯ ಕೊಬ್ಬು, ದುಂಡು ಮೈ ಎಲ್ಲವೂ ಶಾಖ ಉಳಿಸಿಕೊಳ್ಳಲೆಂದೇ ಇರುವಂಥವು. ನಮ್ಮಂತೆ ಮೈಯೆಲ್ಲ ಬೆವರಿ ತಣಿಯುವ ಅನುಕೂಲ ಅದಕ್ಕಿಲ್ಲ. ಎತ್ತರದ ತೆಳುಗಾಳಿಯಲ್ಲಿ ನೆತ್ತಿಯ ಬಿಸಿಲು ಚುರುಕು. ಗಾಳಿ ತಂಪಾಗಿದ್ದರೂ ಬಿಸಿಲಲ್ಲಿ ಕೂತ ಮೈ ಬೇಗ ಕಾಯುತ್ತದೆ. ಚಳಿಗಾಲ ಗೆಲ್ಲಲು ಬೇಕಾದ ಸಜ್ಜೇ ಬೇಸಿಗೆಯ ಮಧ್ಯಾಹ್ನ ಅದನ್ನು ಬಿಲಕ್ಕೆ ದೂಡುತ್ತದೆ. ಆದ್ದರಿಂದ ಈ ಪ್ರಾಣಿಯ ದಿನವನ್ನು ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಅದಕ್ಕೆ ದಕ್ಕುವುದು ಎರಡು ತಂಪು ಹೊತ್ತು, ಅಷ್ಟೇ. ಆ ಎರಡು ಹೊತ್ತೂ ಶತ್ರುಗಳದ್ದೂ ಹೌದು. ಕೊಯೋಟಿ ಎಂಬ ಕಾಡುನಾಯಿ, ನರಿ, ಬ್ಯಾಜರ್, ಮೇಲಿನಿಂದ ಎರಗುವ ಹೊನ್ನಹದ್ದು ಎಲ್ಲಕ್ಕೂ ಮಾರ್ಮಟ್ ಒಳ್ಳೆಯ ಊಟ.

ಜೂನ್ ಮೂರನೇ ವಾರದಲ್ಲಿ ತಾಯಿ ಮಾರ್ಮಟ್‌ಗಳ ಇಕ್ಕಟ್ಟು ಎಲ್ಲಕ್ಕಿಂತ ಹೆಚ್ಚು. ಬಿಲದಿಂದ ಹೊರಬಂದೊಡನೆ ಗಂಡಿನೊಡನೆ ಕೂಡಿ, ಸುಮಾರು ಒಂದು ತಿಂಗಳು ಗರ್ಭ ಹೊತ್ತು, ಮೂವತ್ತು ಗ್ರಾಂ ಆಸುಪಾಸಿನ ನಾಲ್ಕಾರು ಮರಿಗಳನ್ನು ಹೆತ್ತಿರುತ್ತವೆ. ಮರಿಗಳು ಬಿಲದೊಳಗೆ ಹಾಲು ಕುಡಿಯುತ್ತಿರುತ್ತವೆ. ಅವು ಮೊದಲ ಬಾರಿ ಬೆಳಕು ಕಾಣುವುದು ಜೂನ್ ಕೊನೆಯಿಂದ ಜುಲೈ ನಡುವಿನೊಳಗೆ. ಉಳಿದವು ಆಗಲೇ ಕೊಬ್ಬು ಕೂಡಿಸುತ್ತಿರುವಾಗ ತಾಯಿ ತಿಂದದ್ದೆಲ್ಲ ಹಾಲಾಗುತ್ತದೆ. ಹಾಗಾಗಿ ಗಂಡುಗಳು ಆಗಸ್ಟ್ ಕೊನೆಗೇ ಬಿಲ ಸೇರಿದರೂ ಮರಿ ಹಾಕಿದ ತಾಯಂದಿರು ಮತ್ತು ಮರಿಗಳು ಇನ್ನೂ ಹಲವು ವಾರ ಹೊರಗೆ ಮೇಯಬೇಕಾಗುತ್ತದೆ. ಮೊದಲ ವರ್ಷ ದಾಟುವ ಮರಿಗಳು ಸುಮಾರು ಅರ್ಧದಷ್ಟೇ.

ಮರಿಗಳು ಹೊರಬಂದ ಮೊದಲ ದಿನಗಳಲ್ಲಿ ಹುಲ್ಲುಗಾವಲಿನಲ್ಲಿ ಮತ್ತೆ ಮತ್ತೆ ಚೂಪು ಸಿಳ್ಳೆ ಕೇಳುತ್ತದೆ. ಅದು ಎಚ್ಚರಿಕೆಯ ಕೂಗು, ಹೆಚ್ಚಾಗಿ ತಾಯಂದಿರದ್ದೇ. ಅಪಾಯ ಹತ್ತಿರವಾದಷ್ಟೂ ಕೂಗು ಬಿರುಸಾಗುತ್ತದೆ. ಒಂದೊಂದು ಮಾರ್ಮಟ್‌ನ ದನಿಯೂ ಬೇರೆ ಬೇರೆ. ಧ್ವನಿಮುದ್ರಿಕೆಗಳನ್ನು ಕೇಳಿಸಿ ನಡೆಸಿದ ಪ್ರಯೋಗಗಳಲ್ಲಿ ಇನ್ನೊಂದು ಸಂಗತಿ ತಿಳಿದುಬಂತು. ನಂಬಬಹುದಾದ ಕೂಗಿಗೂ ಸುಮ್ಮನೆ ಹೆದರಿ ಕೂಗುವ ದನಿಗೂ ಕೇಳುವ ಮಾರ್ಮಟ್‌ಗಳು ಒಂದೇ ರೀತಿ ಸ್ಪಂದಿಸುವುದಿಲ್ಲ, ಅವೆರಡನ್ನೂ ಬೇರೆ ಮಾಡಿ ನೋಡುತ್ತವೆ.

ಕತ್ತಲ ಬಿಲದಲ್ಲಿ ಕ್ಯಾಲೆಂಡರ್

ಮಣ್ಣು, ಹಿಮಗಳ ಕೆಳಗೆ ಮಲಗಿದ ಪ್ರಾಣಿಗೆ ವಸಂತ ಬಂತೆಂದು ಹೇಳುವವರು ಯಾರು? ಕೆನಡಾದಲ್ಲಿ ಪೆಂಗೆಲಿ ಮತ್ತು ಫಿಶರ್ ಎಂಬ ವಿಜ್ಞಾನಿಗಳು ಮಾರ್ಮಟ್‌ನ ಹತ್ತಿರದ ಬಂಧುವಾದ ನೆಲದಳಿಲುಗಳನ್ನು ಇದೇ ಪ್ರಶ್ನೆಗಾಗಿ ಪರೀಕ್ಷಿಸಿದರು. 1957ರಲ್ಲಿ ಅವರು ಪ್ರಕಟಿಸಿದ ಪ್ರಯೋಗದಲ್ಲಿ ಕೋಣೆಯ ಬೆಳಕೂ ತಾಪಮಾನವೂ ಬದಲಾಗದಂತೆ ಇಡಲಾಗಿತ್ತು. ಋತುಗಳ ಯಾವ ಸುಳಿವೂ ಇಲ್ಲದಿದ್ದರೂ ಅಳಿಲು ಕಾಲಕ್ಕೆ ಸರಿಯಾಗಿ ಮೈತುಂಬಿ, ನಿದ್ರೆಗೆ ಜಾರಿ, ಎದ್ದಿತು. ಮುಂದಿನ ಅಧ್ಯಯನಗಳಲ್ಲೂ ಈ ಚಕ್ರ ಸರಿಸುಮಾರು ವರ್ಷಕ್ಕೊಮ್ಮೆ ಮರುಕಳಿಸಿತು. ದಿನವನ್ನು ಅಳೆಯುವ ಗಡಿಯಾರದ ಹಾಗೆ ವರ್ಷವನ್ನು ಅಳೆಯುವ ಗಡಿಯಾರವೂ ಅದರ ದೇಹದಲ್ಲಿದೆ. ಆದರೆ ಬಿಟ್ಟುಬಿಟ್ಟರೆ ಅದು ನಿಖರ ವರ್ಷದಿಂದ ತುಸು ಸರಿಯುತ್ತ ಹೋಗುತ್ತದೆ. ಹೊರಗಿನ ಹಗಲಿನ ಏರಿಳಿತವೇ ಅದನ್ನು ತಿದ್ದಿ ಸರಿಯಾದ ತಿಥಿಗೆ ತಂದು ನಿಲ್ಲಿಸುತ್ತದೆ. ಅತಿ ದೀರ್ಘ ಹಗಲಿನ ಈ ದಿನಗಳು ಮಾರ್ಮಟ್‌ಗಳಿಗೆ ಮೇವಿನ ಜೊತೆ ಕಾಲದ ಸೂಚನೆಯನ್ನೂ ಕೊಡುತ್ತವೆ.

ಸೂರ್ಯನ ಈ ಲೆಕ್ಕ ಎಂದೂ ತಪ್ಪದು. ಹಿಮ ಮತ್ತು ಗಾಳಿಯ ಲೆಕ್ಕ ಮಾತ್ರ ಬದಲಾಗುತ್ತಿದೆ. ಅದು ನಮಗೆ ಗೊತ್ತಾದದ್ದು ಕ್ರೆಸ್ಟೆಡ್ ಬ್ಯೂಟ್‌ನ ಪಕ್ಕದಲ್ಲೇ ಇರುವ ಗಾಥಿಕ್ ಎಂಬಲ್ಲಿ. ಒಂದು ಕಾಲಕ್ಕೆ ಬೆಳ್ಳಿ ಗಣಿಗಾರಿಕೆಯ ಊರಾಗಿದ್ದು ಪಾಳುಬಿದ್ದ ಆ ಜಾಗದಲ್ಲಿ 1928ರಲ್ಲಿ ರಾಕಿ ಮೌಂಟನ್ ಬಯಲಾಜಿಕಲ್ ಲ್ಯಾಬೊರೇಟರಿ ಹುಟ್ಟಿತು. 1962ರಲ್ಲಿ ಕೆನೆತ್ ಆರ್ಮಿಟೇಜ್ ಅಲ್ಲಿನ ಮಾರ್ಮಟ್‌ಗಳ ಅಧ್ಯಯನ ಆರಂಭಿಸಿದರು. ಪ್ರಾಣಿಗಳನ್ನು ಹಿಡಿದು, ತೂಗಿ, ಕಿವಿಗೆ ಗುರುತು ಹಾಕಿ, ಬೆನ್ನಿಗೆ ಬಣ್ಣ ಹಚ್ಚಿ ಬಿಡುತ್ತಾರೆ. ದೂರದಿಂದ ದುರ್ಬೀನಿನಲ್ಲಿ ಒಂದೊಂದನ್ನೂ ಗುರುತಿಸಿ ಗಮನಿಸುತ್ತಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇನಿಯಲ್ ಬ್ಲೂಮ್‌ಸ್ಟೀನ್ ಮತ್ತು ಸಂಗಡಿಗರು ಅದನ್ನು ಮುಂದುವರಿಸಿಕೊಂಡು ಬಂದಿದ್ದಾರೆ.

ಈ ತಾಳ್ಮೆಗೆ ಸಿಕ್ಕ ಫಲ ದೊಡ್ಡದು. 2000ದಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 23 ವರ್ಷಗಳ ಹಿಂದಿಗೆ ಹೋಲಿಸಿದರೆ ಮಾರ್ಮಟ್‌ಗಳು 38 ದಿನ ಮೊದಲೇ ಬಿಲದಿಂದ ಹೊರಬರುತ್ತಿದ್ದವು. ವಸಂತದ ಗಾಳಿ ಬೆಚ್ಚಗಾಗಿತ್ತು. ಹಿಮ ಮಾತ್ರ ಆ ಅವಧಿಯಲ್ಲಿ ಬೇಗ ಕರಗಿರಲಿಲ್ಲ. ಎದ್ದು ಬಂದರೆ ಮೇವಿಲ್ಲ. 2010ರ ಇನ್ನೊಂದು ಅಧ್ಯಯನ ಬೇರೆ ಚಿತ್ರ ಕೊಟ್ಟಿತು. ಮೇಯುವ ಕಾಲ ಉದ್ದವಾಗಿ ವಯಸ್ಕ ಹೆಣ್ಣುಗಳ ಆಗಸ್ಟ್ ತಿಂಗಳ ಸರಾಸರಿ ತೂಕ ಸುಮಾರು 3.1 ಕಿಲೋದಿಂದ 3.4 ಕಿಲೋಗೆ ಏರಿತ್ತು, ಸಂಖ್ಯೆಯೂ ಭರದಿಂದ ಹೆಚ್ಚಿತ್ತು. ಹವಾಮಾನ ಬದಲಾವಣೆ ಮಾರ್ಮಟ್‌ಗೆ ಒಳ್ಳೆಯದೇ ಮಾಡಿತೆ? 2020ರ ವಿಶ್ಲೇಷಣೆ ಅವಸರದ ತೀರ್ಮಾನಕ್ಕೆ ತಡೆ ಹಾಕಿತು. 40 ವರ್ಷಗಳ ಮಾಹಿತಿಯಲ್ಲಿ ಬೇಸಿಗೆ ದಾಟಿ ಬದುಕುವ ಪ್ರಮಾಣ ಏರಿತ್ತು, ಚಳಿಗಾಲ ದಾಟಿ ಬದುಕುವ ಪ್ರಮಾಣ ಇಳಿದಿತ್ತು. ನಡುವೆಯೇ ಕೆಲಸ ನಿಲ್ಲಿಸಿದ್ದರೆ ಇವುಗಳಲ್ಲಿ ಒಂದೇ ಉತ್ತರ ಸಿಗುತ್ತಿತ್ತು, ಅದನ್ನೇ ನಿಜವೆಂದು ನಂಬುತ್ತಿದ್ದೆವು. ಒಂದೇ ಕಣಿವೆಯನ್ನು ತಲೆಮಾರುಗಳ ಕಾಲ ನೋಡುತ್ತ ಕೂರುವ ವಿಜ್ಞಾನಕ್ಕೆ ಹಣವೂ ಗೌರವವೂ ಸಿಗಬೇಕಾದದ್ದು ಇದಕ್ಕಾಗಿಯೇ.

ಅದೇ ಮಾಹಿತಿಯಿಂದ 2022ರಲ್ಲಿ ಬಂದ ಶೋಧ ಮನುಷ್ಯರಿಗೂ ಕುತೂಹಲದ್ದು. ಡಿಎನ್‌ಎ ಮೇಲಿನ ರಾಸಾಯನಿಕ ಗುರುತುಗಳಿಂದ ವಯಸ್ಸನ್ನು ಅಳೆದಾಗ, ವಯಸ್ಕ ಮಾರ್ಮಟ್‌ಗಳು ಬೇಸಿಗೆಯಲ್ಲಿ ಮುದಿಯಾಗುತ್ತ ಸಾಗುತ್ತವೆ, ಶಿಶಿರನಿದ್ರೆಯಲ್ಲಿ ಆ ಮುಪ್ಪು ಬಹುಮಟ್ಟಿಗೆ ತಡೆಹಿಡಿದಂತೆ ನಿಲ್ಲುತ್ತದೆ ಎಂದು ಕಂಡುಬಂತು. ಅದರ ಗಾತ್ರದ ಸಸ್ತನಿಗಳಿಗಿಂತ ಮಾರ್ಮಟ್ ಹೆಚ್ಚು ವರ್ಷ ಬಾಳುವುದಕ್ಕೆ ಇದೂ ಒಂದು ಕಾರಣವಿರಬಹುದು.

ಕರ್ನಾಟಕದಲ್ಲಿ ಮಾರ್ಮಟ್ ಇಲ್ಲ. ಆದರೆ ಜೂನಿನಲ್ಲಿ ಲಡಾಖ್‌ಗೆ ಹೋಗುವ ನಮ್ಮವರಿಗೆ, ಪ್ಯಾಂಗಾಂಗ್ ಸರೋವರದ ಹಾದಿಯಲ್ಲಿ, ಇದಕ್ಕಿಂತ ದಪ್ಪನಾದ ಹಿಮಾಲಯದ ಮಾರ್ಮಟ್ ಕಾಣಸಿಗುತ್ತದೆ. ಅಲ್ಲಿಯೂ ಆಗ ಹಗಲು 14 ಗಂಟೆ ಮೀರಿರುತ್ತದೆ, ಅದಕ್ಕೂ ದೀರ್ಘ ಶಿಶಿರನಿದ್ರೆಯ ಸಿದ್ಧತೆ ನಡೆದಿರುತ್ತದೆ. ನೋಡುವುದಾದರೆ ಬೆಳಗ್ಗೆ ಅಥವಾ ಇಳಿಹೊತ್ತಿಗೆ ಹೋಗಿ, ದೂರದಲ್ಲಿ ಕೂತು ನೋಡಿ. ಸಿಳ್ಳೆ ಹಾಕತೊಡಗಿದರೆ ನೀವು ಹೆಚ್ಚು ಹತ್ತಿರ ಹೋಗಿದ್ದೀರಿ ಎಂದರ್ಥ, ಹಿಂದೆ ಸರಿಯಿರಿ. ಫೋಟೋಗಾಗಿ ಬಿಸ್ಕತ್ತು ಚಾಚುವ ಪ್ರವಾಸಿಗರು ಅಲ್ಲಿ ಬಹಳ. ಮೈದಾ, ಸಕ್ಕರೆ, ತಾಳೆಎಣ್ಣೆಯ ಆ ತುಂಡು ಆರೆಂಟು ತಿಂಗಳ ಚಳಿಯಲ್ಲಿ ಬಳಕೆಗೆ ಬರುವ ಕೊಬ್ಬನ್ನು ಕೊಡಲಾರದು. ಅಂಥ ಕೊಬ್ಬು ಬೆಟ್ಟದ ಗಿಡಗಳಲ್ಲಿದೆ, ಅದನ್ನು ಕೂಡಿಸಿಕೊಳ್ಳಲು ಮಾರ್ಮಟ್‌ಗೆ ಇರುವುದು ಇವೇ ಕೆಲವು ವಾರಗಳು. ಬಿಸ್ಕತ್ತು ನಿಮ್ಮ ಚೀಲದಲ್ಲೇ ಇರಲಿ.